ಪೆಟ್ಟಿಗೆ ಅಂಗಡಿಯ ಮುಂದೆ ಒಂದು ಸೈಕಲ್

ಈ ಪ್ರಕರಣದಲ್ಲಿ ಯಾರೂ ಸುಳ್ಳು ಹೇಳಿಲ್ಲ. ಇದನ್ನು ಮೊದಲೇ ದಾಖಲಿಸಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಬೀದಿಯಲ್ಲಿ ಹಬ್ಬಿದ ಕಥೆಗಳಲ್ಲಿ ಕನಿಷ್ಠ ಮೂರು ಮಂದಿಗೆ ಸುಳ್ಳುಗಾರರೆಂಬ ಹೆಸರು ಬಂದಿದೆ. ನಡೆದದ್ದು ಇಷ್ಟು: ಒಬ್ಬ ಮನುಷ್ಯನಿಗೆ ಸೈಕಲ್ ನಿಲ್ಲಿಸಲು ಜಾಗ ಬೇಕಿತ್ತು. ಜಾಗ ಸಿಕ್ಕಿತು. ಸಿಕ್ಕ ಜಾಗ ಶವಪೆಟ್ಟಿಗೆ ಅಂಗಡಿಯ ಮುಂದಿತ್ತು.

ಆ ಮನುಷ್ಯ ಪರದೆ ಅಂಗಡಿಯ ಅಳತೆಗಾರ. ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಕಿಟಕಿಗಳ ಉದ್ದಗಲ ತೆಗೆದು, ಚೀಟಿಯಲ್ಲಿ ಬರೆದು, ಅಂಗಡಿಯ ಹೊಲಿಗೆಯವರಿಗೆ ಕೊಡುವುದು ಅವನ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಅವನ ಅಳತೆ ಒಮ್ಮೆಯೂ ಅರ್ಧ ಇಂಚು ಆಚೀಚೆ ಆಗಿಲ್ಲ. ಅವನ ಉಳಿದ ವ್ಯವಹಾರಗಳ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ಬರೆದ ಚೀಟಿಯನ್ನು ಎಲ್ಲಿಟ್ಟೆ ಎಂಬುದನ್ನು ಮರೆಯುತ್ತಿದ್ದ, ಮತ್ತೆ ಹೋಗಿ ಅದೇ ಕಿಟಕಿಯನ್ನು ಅಳೆಯುತ್ತಿದ್ದ, ಅಳತೆ ಮಾತ್ರ ಅದೇ ಬರುತ್ತಿತ್ತು. ಬೀದಿಯವರು ಅವನನ್ನು ಟೇಪಣ್ಣ ಎಂದು ಕರೆಯುತ್ತಿದ್ದರು. ಕೊರಳಲ್ಲಿ ಟೇಪಿಲ್ಲದ ಟೇಪಣ್ಣನನ್ನು ನೋಡಬೇಕೆಂದರೆ ಅವನ ಮದುವೆಯ ಫೋಟೋ ತೆಗೆದು ನೋಡಬೇಕು. ಅದರಲ್ಲೂ ಜೇಬಿನಿಂದ ಅದರ ತುದಿ ಇಣುಕುತ್ತಿದೆ ಎಂದು ಹೆಂಡತಿ ಹೇಳುತ್ತಾಳೆ.

ಅವನು ಈಗಾಗಲೇ ಎರಡು ಸೈಕಲ್ ಕಳೆದುಕೊಂಡಿದ್ದ. ಮೊದಲನೆಯದು ಬ್ರೆಡ್ಡು ಕೊಳ್ಳುತ್ತಿದ್ದಾಗ ಬೇಕರಿಯ ಮುಂದಿನಿಂದ ಹೋಯಿತು. ಅದರ ದೂರು ಕೊಡಲು ಇನ್ನೊಂದು ಸೈಕಲ್ಲಿನಲ್ಲಿ ಪೊಲೀಸ್ ಠಾಣೆಗೆ ಹೋದ. ದೂರು ಬರೆಸಿ ಹೊರಗೆ ಬಂದಾಗ ಅದೂ ಇರಲಿಲ್ಲ. ತಿರುಗಿ ಒಳಗೆ ಹೋಗಿ ಎರಡನೆಯ ಅರ್ಜಿ ಬರೆಯಲು ಕೂತಾಗ, ಮೂರನೆಯದು ತಂದಿಲ್ಲ ತಾನೇ ಎಂದು ಪೇದೆ ವಿಚಾರಿಸಿದನಂತೆ. ಮೂರನೆಯದು ಮನೆಗೆ ಬಂದ ದಿನ ಹೆಂಡತಿ ಷರತ್ತು ಹಾಕಿದಳು. ಇದನ್ನು ನೆಲದಲ್ಲಿ ಹೂತಿರುವ ವಸ್ತುವಿಗೆ ಮಾತ್ರ ಬೀಗ ಹಾಕಿ ನಿಲ್ಲಿಸಬೇಕು. ಗೋಡೆಗೆ ಒರಗಿಸಿ ಬರುವುದು, ಯಾರಿಗೋ ನೋಡ್ಕೊಳ್ಳಿ ಎಂದು ಹೇಳಿ ಬರುವುದು ನಡೆಯುವುದಿಲ್ಲ.

ಇದೇ ಸಮಯಕ್ಕೆ ಅತ್ತೆಯ ಕಣ್ಣಿನ ವಿಷಯ ಬಂತು. ಹೆಂಡತಿಯ ತಾಯಿ ಇವರ ಮನೆಯಲ್ಲೇ ಇದ್ದರು. ಎರಡೂ ಕಣ್ಣಿಗೆ ಪೊರೆ ಬಂದು, ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣಿನಲ್ಲಿ ನೆರಳುಗಳಷ್ಟೇ ಓಡಾಡುತ್ತಿದ್ದವು. ಆಪರೇಷನ್ ಎಂದರೆ ಎರಡು ವರ್ಷದಿಂದ ಬೇಡ ಎನ್ನುತ್ತಿದ್ದರು. ಒಂದು ಸಂಜೆ ಗೂಟಕ್ಕೆ ನೇತುಹಾಕಿದ ಕೋಟಿಗೆ ಹತ್ತು ನಿಮಿಷ ಬುದ್ಧಿ ಹೇಳಿದರು. ಇವತ್ತು ಅಳಿಯಂದಿರು ಒಂದು ಮಾತೂ ಎದುರಾಡಲಿಲ್ಲ ಎಂದು ಆಮೇಲೆ ಮಗಳ ಹತ್ತಿರ ಮೆಚ್ಚಿಕೊಂಡರು. ಮಗಳು ನಿಜ ಹೇಳಿದಳು. ಆಗ ಅತ್ತೆ, ಆಸ್ಪತ್ರೆಯಲ್ಲಿ ದಿನ ಕೇಳಿಕೊಂಡು ಬನ್ನಿ ಎಂದರು.

ಕಣ್ಣಿನ ಆಸ್ಪತ್ರೆಯವರು ಒಂದು ಸೋಮವಾರ ಗೊತ್ತು ಮಾಡಿದರು. ಅದು ತಪ್ಪಿದರೆ ಮುಂದಿನ ದಿನ ನಾಲ್ಕು ತಿಂಗಳ ಮೇಲೆ, ಅಷ್ಟು ಕಾಲ ಆ ಕಣ್ಣು ಕಾಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಅದಕ್ಕೆ ಮುಂಚೆ ಒಂದಷ್ಟು ಕಾಗದಗಳು ಬೇಕಿದ್ದವು. ರಕ್ತದ ವರದಿ, ಅದರ ಮೇಲೆ ಸಹಿ, ಸಹಿಯ ಮೇಲೆ ಮೊಹರು, ಮೊಹರು ಸರಿಯಾಗಿ ಮೂಡಿಲ್ಲವೆಂದು ಇನ್ನೊಂದು ಮೊಹರು. ಅಳತೆಗಾರ ಒಂಬತ್ತು ದಿನ ಆಸ್ಪತ್ರೆಗೆ ಅಲೆದ. ಕಾಗದ ಒಂಬತ್ತು ದಿನದ ಸಮಸ್ಯೆಯಾದರೆ ಸೈಕಲ್ ಪ್ರತಿ ದಿನದ ಸಮಸ್ಯೆಯಾಯಿತು.

ಆಸ್ಪತ್ರೆಯ ಗೇಟಿನೊಳಗೆ ಹನ್ನೆರಡು ಕಾರುಗಳಿಗೂ ಎರಡು ಸಾಲು ಸ್ಕೂಟರುಗಳಿಗೂ ಜಾಗವಿತ್ತು. ನೆಲಕ್ಕೆ ಬಿಳಿ ಗೆರೆ ಎಳೆದಿದ್ದರು. ಸೈಕಲ್ಲನ್ನು ಒಳಗೆ ಬಿಡಲು ಬರುವುದಿಲ್ಲ, ಇದು ವಾಹನಗಳಿಗೆ ಮಾತ್ರ, ಸೈಕಲ್ ವಾಹನವಲ್ಲ ಎಂದು ಕಾವಲುಗಾರ ವಿವರಿಸಿದ. ಪಕ್ಕದ ಬ್ಯಾಂಕಿನ ಮುಂದೆ ಖಾಲಿ ಜಾಗವಿತ್ತು, ಅಡ್ಡಲಾಗಿ ಸರಪಳಿಯಿತ್ತು. ಇಲ್ಲಿ ಯಾವ ವಾಹನವನ್ನೂ ನಿಲ್ಲಿಸಬಾರದು, ಸೈಕಲ್ಲೂ ವಾಹನವೇ ಎಂದು ಅಲ್ಲಿಯ ಕಾವಲುಗಾರ ಹೇಳಿದ. ಇಬ್ಬರನ್ನೂ ಒಮ್ಮೆ ಕೂರಿಸಿ ಮಾತಾಡಿಸಬೇಕು ಎಂದು ಅಳತೆಗಾರನಿಗೆ ಅನ್ನಿಸಿತು, ಆದರೆ ಇಬ್ಬರೂ ತಮ್ಮ ತಮ್ಮ ಗೇಟು ಬಿಡುವಂತಿರಲಿಲ್ಲ. ಬೇಕರಿಯವಳು ಹಿಂದಿನ ಕಳ್ಳತನದ ವಿಚಾರಣೆಗೆ ಪೊಲೀಸರು ಬಂದು ಹೋದ ಮೇಲೆ ಬಾಗಿಲ ಮುಂದೆ ಉದ್ದಕ್ಕೂ ಹೂಕುಂಡ ಇಟ್ಟುಬಿಟ್ಟಿದ್ದಳು. ಔಷಧಿ ಅಂಗಡಿಯ ಗೋಡೆಗೆ ಒಂದೇ ಒಂದು ಕಬ್ಬಿಣದ ಬಳೆಯಿತ್ತು, ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾಲೀಕನ ಸ್ವಂತ ಸೈಕಲ್ ಇರುತ್ತಿತ್ತು. ಮೊದಲ ದಿನ ಬೇರೆ ದಾರಿ ಕಾಣದೆ ಕನ್ನಡಕದ ಅಂಗಡಿಯ ಷಟರಿನ ಹಿಡಿಗೆ ಬೀಗ ಹಾಕಿ ಹೋದ. ಅಂಗಡಿ ಊಟಕ್ಕೆ ಮುಚ್ಚಿತ್ತು. ಊಟ ಮುಗಿಸಿದ ಮಾಲೀಕ ಒಳಗಿನಿಂದ ಷಟರು ಎತ್ತಿದಾಗ ಸೈಕಲ್ಲೂ ಜೊತೆಗೆ ನಾಲ್ಕು ಅಡಿ ಮೇಲೆ ಹೋಯಿತು. ಎರಡು ಕಡೆಯಿಂದಲೂ ಗಡುಸು ಮಾತು ನಡೆಯಿತು, ಅದನ್ನು ಇಲ್ಲಿ ಕೊಡುವ ಅಗತ್ಯವಿಲ್ಲ.

ಎರಡನೆಯ ದಿನ ಅವನ ಕಣ್ಣು ರಸ್ತೆಯ ಆಚೆ ಬದಿಗೆ ಹೋಯಿತು.

ಆಸ್ಪತ್ರೆಗೆ ನೇರ ಎದುರು ಶವಪೆಟ್ಟಿಗೆಯ ಅಂಗಡಿ. ಅದರ ಮುಂದೆ ಒಂದು ಕಂಬಿ. ಸೊಂಟದೆತ್ತರ, ಎಂಟು ಅಡಿ ಉದ್ದ, ಎರಡು ಇಂಚು ದಪ್ಪದ ಕಬ್ಬಿಣದ ಕೊಳವೆ, ಎರಡೂ ತುದಿ ಸಿಮೆಂಟಿನಲ್ಲಿ ಹೂತದ್ದು. ಆ ಅಂಗಡಿಗೆ ಬರುವವರಿಗೆ ಬಾಗಿಲಲ್ಲಿ ಮೊಣಕಾಲು ಸೋಲುತ್ತದೆ, ಹಿಡಿದುಕೊಳ್ಳಲು ಏನಾದರೂ ಬೇಕು ಎಂದು ಪೆಟ್ಟಿಗೆ ಮೇಸ್ತ್ರಿ ಹಾಕಿಸಿದ್ದರು. ಅಲ್ಲಿ ಬೇರೆ ಯಾರೂ ಏನನ್ನೂ ನಿಲ್ಲಿಸುತ್ತಿರಲಿಲ್ಲ, ಕಾರಣ ಊಹಿಸಬಹುದು. ಇಡೀ ಪೇಟೆ ಬೀದಿಯಲ್ಲಿ ಒಂದು ಸೈಕಲ್ ನಿರಾತಂಕವಾಗಿ ನಿಲ್ಲಬಹುದಾದ ಏಕೈಕ ಸ್ಥಳ ಅದಾಗಿತ್ತು.

ಅವನ ಬೀಗ ಹಳೆಯದು, ಒಂದೇ ಸಲಕ್ಕೆ ಬೀಳುತ್ತಿರಲಿಲ್ಲ. ಬಗ್ಗಿ, ಹಣೆಯನ್ನು ಕಂಬಿಗೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು ಅಲುಗಿಸಬೇಕು. ನಾಲ್ಕೈದು ನಿಮಿಷ ಬೇಕು. ಅಂಗಡಿಯೊಳಗಿನಿಂದ ಮೇಸ್ತ್ರಿ ಕಂಡದ್ದು, ಕಂಬಿಗೆ ಹಣೆ ಇಟ್ಟು ಭುಜ ನಡುಗಿಸುತ್ತಿರುವ ಒಬ್ಬ ಗಂಡಸನ್ನು.

ಮೂವತ್ತೊಂದು ವರ್ಷದ ಕಸುಬಿನಲ್ಲಿ ಮೇಸ್ತ್ರಿ ಕಲಿತ ನಿಯಮ ಒಂದೇ: ಬಂದವರನ್ನು ಏನೂ ಕೇಳಬಾರದು. ಕೆಲವರು ಮೊದಲ ದಿನವೇ ಹೇಳುತ್ತಾರೆ. ಕೆಲವರು ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಾರೆ, ಮೂರು ದಿನ, ನಾಲ್ಕು ದಿನ. ಮನೆಯಲ್ಲಿ ಇನ್ನೂ ಉಸಿರಿರುತ್ತದೆ, ಇಲ್ಲಿ ಬಂದು ಅಳತೆ ಹೇಳಲು ಬಾಯಿ ಬರುವುದಿಲ್ಲ. ಅಂಥವರು ಕೊನೆಗೆ ಒಂದು ಚೀಟಿ ಬಿಟ್ಟು ಹೋಗುತ್ತಾರೆ. ಚೀಟಿ ಸಿಕ್ಕಿದ ಮೇಲೆ ಕೆಲಸ ಶುರುಮಾಡುವುದು, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದು.

ಆದ್ದರಿಂದ ಆ ದಿನ ಮೇಸ್ತ್ರಿ ಒಂದು ಲೋಟ ನೀರು ತಂದುಕೊಟ್ಟರು. ಅಳತೆಗಾರ ಕುಡಿದು, ಉಪಕಾರವಾಯಿತು ಎಂದು ಹೇಳಿ, ರಸ್ತೆ ದಾಟಿ ಆಸ್ಪತ್ರೆಯೊಳಗೆ ಹೋದ. ಮಾರನೆಯ ದಿನ ಸ್ಟೂಲು ಹಾಕಿಸಿದರು. ಐದನೆಯ ದಿನ ಅವನು ಒಳಗೆ ಇಣುಕಿ, ಹಲಗೆಗಳ ಕೂಡು ಕೂದಲೆಳೆ ತೂರದಷ್ಟು ಬಿಗಿಯಾಗಿರುವುದನ್ನು ಬೆರಳಿಂದ ಸವರಿ ನೋಡಿ ತಲೆಯಾಡಿಸಿದ. ಅಳತೆಯ ಕಸುಬಿನವನ ಮೆಚ್ಚುಗೆ ಅದು. ಮೇಸ್ತ್ರಿ ಬೇರೆ ಕಡೆ ನೋಡಿ ಕಣ್ಣೊರೆಸಿಕೊಂಡರು.

ಆ ಬೀದಿಯಲ್ಲಿ ಒಬ್ಬ ಅಂಗಡಿಯವರಿಗಾದರೂ ಮರ್ಯಾದೆ ಎಂದರೆ ಏನೆಂದು ಗೊತ್ತಿದೆ ಎಂದು ಅಳತೆಗಾರ ಮನೆಯಲ್ಲಿ ಹೇಳಿದ. ಯಾವ ಅಂಗಡಿ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಏಳನೆಯ ದಿನ, ಬುಧವಾರ, ಚೀಟಿ ಕಳೆಯಿತು. ಆಪರೇಷನ್ ಆದ ಮೇಲೆ ಅತ್ತೆಯ ಕೋಣೆಗೆ ಬೆಳಕು ಬೀಳಕೂಡದು ಎಂದು ಡಾಕ್ಟರು ಹೇಳಿದ್ದರಿಂದ, ಅವರ ಹಾಸಿಗೆಯ ಪಕ್ಕದ ಉದ್ದನೆಯ ಕಿಟಕಿಗೆ ದಪ್ಪ ಪರದೆ ಹಾಕಿಸಲು ಅಳತೆ ಬರೆದುಕೊಂಡಿದ್ದ. ಅಂಗಡಿಗೆ ಕೊಡುವ ಎಲ್ಲ ಚೀಟಿಗಳ ಹಾಗೆ ಅದರಲ್ಲೂ ಮನೆಯ ವಿಳಾಸವಿತ್ತು. ಬೀಗದ ಜೊತೆ ಗುದ್ದಾಡುವಾಗ ಅದು ಜೇಬಿನಿಂದ ಜಾರಿ ಕಂಬಿಯ ಬುಡದಲ್ಲಿ ಬಿತ್ತು. ಚೀಟಿ ಈಗಲೂ ಮೇಸ್ತ್ರಿಯ ಬಳಿ ಇದೆ, ವಿಳಾಸವೊಂದನ್ನು ಬಿಟ್ಟು ಅದರ ಪೂರ್ಣ ಪಾಠ ಹೀಗಿದೆ:

"ಅತ್ತೆಯವರಿಗೆ. ಉದ್ದ ಐದು ಅಡಿ ಎಂಟು ಇಂಚು. ಅಗಲ ಎರಡು ಅಡಿ. ಒಳಗೆ ಬಿಳಿ ಅಸ್ತರು. ಬೆಳಕು ಸ್ವಲ್ಪವೂ ಒಳಗೆ ಬರಬಾರದು. ಶನಿವಾರದೊಳಗೆ ಬೇಕೇ ಬೇಕು."

ಮೇಸ್ತ್ರಿ ಎರಡು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ಎಷ್ಟು ಆಳ ಎಂದು ಬರೆದಿರಲಿಲ್ಲ. ಅದನ್ನೊಂದು ಕೇಳೋಣವೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಹದಿನಾರು ಇಂಚು ಸಾಕೆಂದು ತಾವೇ ತೀರ್ಮಾನಿಸಿದರು. ಅಳತೆಗಾರ ಎಂದಿನಂತೆ ಮನೆಗೆ ಹೋಗಿ ಕಿಟಕಿಯನ್ನು ಇನ್ನೊಮ್ಮೆ ಅಳೆದ. ಅಳತೆ ಅದೇ ಬಂತು.

ಗುರುವಾರ ಮೇಸ್ತ್ರಿ ತಮ್ಮ ನಿಯಮವನ್ನು ಒಂದಿಷ್ಟು ಸಡಿಲಿಸಿ, ಸೈಕಲ್ಲಿನ ಬೀಗ ಬಿಚ್ಚುತ್ತಿದ್ದವನ ಭುಜದ ಮೇಲೆ ಕೈಯಿಟ್ಟರು.

"ಎಲ್ಲಾ ಆಗುತ್ತೆ. ಚಿಂತೆ ಮಾಡ್ಬೇಡಿ. ಚೆನ್ನಾಗೇ ಆಗುತ್ತೆ."

ಆಪರೇಷನ್ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡ ಅಳತೆಗಾರ ಕೈಮುಗಿದ. "ನಿಮ್ಮ ಬಾಯಿಹರಕೆಯಿಂದ ಹಾಗೇ ಆಗ್ಲಿ. ಅವರಿಗೂ ನರಳಿ ನರಳಿ ಸಾಕಾಗಿದೆ."

ಇಷ್ಟರಲ್ಲಿ ಸುದ್ದಿ ಬೇರೆ ದಾರಿಯಲ್ಲಿ ಮನೆಯ ಕಡೆಗೆ ಹೊರಟಿತ್ತು. ಎದುರುಮನೆಯಲ್ಲಿ ಟೀಚರಮ್ಮ ಇದ್ದರು, ಕೆಲಸದಿಂದ ನಿವೃತ್ತರಾಗಿದ್ದರೂ ತಿದ್ದುವುದನ್ನು ಬಿಟ್ಟಿರಲಿಲ್ಲ. ಬಸ್ಸಿನ ಕಿಟಕಿಯಿಂದ ಅವರು ಪೆಟ್ಟಿಗೆ ಅಂಗಡಿಯ ಮುಂದೆ ಟೇಪಣ್ಣನ ಸೈಕಲ್ ನೋಡಿದರು. ಒಂದು ಸಲ ನೋಡಿದ್ದನ್ನು ನಂಬಬಾರದೆಂದು ಮಾರನೆಯ ದಿನ ಬೇಕೆಂದೇ ಅದೇ ಬಸ್ಸು ಹತ್ತಿದರು. ಮೂರನೆಯ ದಿನ ಅವನು ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುವುದನ್ನು ಕಂಡು, ಒರೆಸಿಕೊಂಡದ್ದು ಬೆವರಲ್ಲ ಎಂಬ ತೀರ್ಮಾನಕ್ಕೆ ಬಂದರು. ಇಂಥ ವಿಷಯವನ್ನು ಆಡಿಕೊಳ್ಳಬಾರದು ಎಂಬ ಎಚ್ಚರಿಕೆಯೊಂದಿಗೆ ಆರು ಮನೆಗಳಿಗೆ ತಿಳಿಸಿದರು. ದೂರದ ಊರಿನಲ್ಲಿದ್ದ ಅತ್ತೆಯ ಮಗನಿಗೂ ಫೋನು ಮಾಡಿ, ಹೆಚ್ಚು ಕೇಳಬೇಡಪ್ಪ, ಬೇಗ ಬಂದರೆ ಒಳ್ಳೆಯದು ಎಂದರು.

ಟೀಚರಮ್ಮನಿಗೂ ಅತ್ತೆಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಬೀದಿಯ ಕಸ ಯಾರ ಬಾಗಿಲಿನಿಂದ ಯಾರ ಬಾಗಿಲಿಗೆ ಹಾರುತ್ತದೆ ಎಂಬುದು ಜಗಳದ ಮೂಲ. ಶುಕ್ರವಾರ ಮಧ್ಯಾಹ್ನ ಟೀಚರಮ್ಮ ರಸ್ತೆ ದಾಟಿ ಬಂದು, ಅತ್ತೆಯ ಕೈ ಹಿಡಿದುಕೊಂಡು, ಕಸ ನಮ್ಮದೇ, ಹನ್ನೊಂದು ವರ್ಷವೂ ನಮ್ಮದೇ ಎಂದು ಒಪ್ಪಿಕೊಂಡು, ಮೂಗೊರೆಸಿಕೊಳ್ಳುತ್ತ ಹೋದರು.

ಸಂಜೆ ಅಳತೆಗಾರ ಹೊಸ ಪರದೆಯೊಂದಿಗೆ ಮನೆಗೆ ಬಂದು, ಅದನ್ನು ನೇತುಹಾಕಿ, ಕೋಣೆ ಎಷ್ಟು ಕತ್ತಲಾಯಿತೆಂದು ತೃಪ್ತಿಪಡುತ್ತಿರುವಾಗ ಅತ್ತೆ ಕರೆದರು.

"ಅಳಿಯಂದ್ರೇ, ಇಲ್ಲಿ ಕೂತ್ಕೊಳ್ಳಿ. ಡಾಕ್ಟರು ನಿಮ್ಮ ಹತ್ರ ಏನು ಹೇಳಿದಾರೆ?"

"ಸೋಮವಾರ ಆಪರೇಷನ್ ಅಂತ ಅತ್ತೆ."

"ಅದಲ್ಲ. ನನಗೆ ಹೇಳ್ಬೇಡಿ ಅಂತ ಹೇಳಿದ್ದು."

"ಅಂಥದ್ದು ಏನೂ ಇಲ್ಲ."

"ಎದುರುಮನೆಯವಳು ಬಂದು ಕಸ ನಮ್ಮದು ಅಂತ ಒಪ್ಕೊಂಡು ಹೋದಳು. ಚೆನ್ನಾಗಿರೋಳ ಮುಂದೆ ಯಾರಾದ್ರೂ ಹಾಗೆ ಒಪ್ಕೋತಾರಾ?"

ಅಷ್ಟರಲ್ಲಿ ಹೆಂಡತಿ ಗೇಟಿನ ಹತ್ತಿರ ಟೀಚರಮ್ಮನನ್ನು ಹಿಡಿದು ಪೂರ್ತಿ ವಿಷಯ ಹೊರಡಿಸಿಕೊಂಡು ಬಂದಿದ್ದಳು. ಇಷ್ಟು ದಿನ ಸೈಕಲ್ ಎಲ್ಲಿ ನಿಂತಿತ್ತು ಎಂದು ತಣ್ಣಗೆ ಕೇಳಿದಳು. ಅವನು ಹೇಳಿದ. ಏಕೆ ಎಂದು ಕೇಳಿದಳು. ಬೇರೆಲ್ಲೂ ಜಾಗವಿಲ್ಲ ಎಂದ.

"ರೀ, ಇಡೀ ಪೇಟೆ ಬೀದಿಯಲ್ಲಿ ಒಂದು ಸೈಕಲ್ ನಿಲ್ಸೋಕೆ ಜಾಗ ಇಲ್ಲ ಅಂದ್ರೆ ಯಾರು ನಂಬ್ತಾರೆ?"

ಅವನು ಎದ್ದು, ಕೈಯಾಡಿಸುತ್ತ, ಅಂಗಡಿ ಅಂಗಡಿಯಾಗಿ ವಿವರಿಸಿದ. ಬ್ಯಾಂಕಿನ ಸರಪಳಿಯಿಂದ ಬಾಗಿಲಿಗೆ ಹದಿನಾಲ್ಕು ಅಡಿ ಮೂರು ಇಂಚು, ಆದರೂ ಬಿಡುವುದಿಲ್ಲ. ಬೇಕರಿಯ ಹೂಕುಂಡಗಳ ನಡುವೆ ಏಳು ಇಂಚು, ಹ್ಯಾಂಡಲ್ಲಿನ ಅಗಲ ಇಪ್ಪತ್ತೆರಡು. ಸಾಕ್ಷ್ಯದ ದೃಷ್ಟಿಯಿಂದ ಇದು ಗಟ್ಟಿಯಾದ ವಾದ. ಆದರೆ ಅವನ ಮಾತು ಹೆಚ್ಚು ನಿಖರವಾದಷ್ಟೂ ಕೇಳುವವರಿಗೆ ಅದು ಮೊದಲೇ ಕಟ್ಟಿಕೊಂಡು ಬಂದ ಕಥೆಯ ಹಾಗೆ ಕೇಳಿಸಿತು. ಅತ್ತೆ ಕೊನೆಯವರೆಗೆ ಕೇಳಿದರು.

"ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಲೆಕ್ಕ ಹಾಕಿದೀರಿ, ಸಂತೋಷ. ಆದ್ರೆ ಸಾಯೋಳಿಗೆ ಕಣ್ಣು ಯಾಕೆ? ಸೋಮವಾರ ನಾನು ಎಲ್ಲಿಗೂ ಬರಲ್ಲ."

ಮಗಳು ಬೇಡಿಕೊಂಡಳು, ಗದರಿದಳು, ಅತ್ತಳು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಹೆಂಡತಿ ಗಂಡನಿಗೆ ಎರಡು ಆಜ್ಞೆ ಮಾಡಿದಳು. ಒಂದು, ಪ್ರಾಣ ಹೋದರೂ ಆ ಕಂಬಿಯ ಹತ್ತಿರ ಸೈಕಲ್ ಒಯ್ಯಬಾರದು. ಎರಡು, ಉಳಿದಿರುವ ಒಂದು ಕಾಗದವನ್ನು ನಾಳೆ ಬೆಳಿಗ್ಗೆ ಅವಳೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಾಳೆ. ಅಮ್ಮನ ಮನಸ್ಸು ತಿರುಗಿದರೆ ಕಾಗದ ಸಿದ್ಧವಿರಲಿ ಎಂಬುದು ಅವಳ ಲೆಕ್ಕ.

ಶನಿವಾರ ಬೆಳಿಗ್ಗೆ ಅವಳು ಹೋಗಿ ಅರ್ಧ ಗಂಟೆಯಾಗಿರಬೇಕು. ಅಳತೆಗಾರ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಸ್ತ್ರಿ. ತೊಳೆದ ಅಂಗಿ ಹಾಕಿ, ತಲೆ ಬಗ್ಗಿಸಿ ನಿಂತಿದ್ದರು. ಹಿಂದೆ ತಳ್ಳುಗಾಡಿ, ಅದರ ಮೇಲೆ ಪೆಟ್ಟಿಗೆ, ಇಬ್ಬರು ಆಳುಗಳು.

"ಇದು ನಮ್ಮದಲ್ಲ," ಎಂದ ಅಳತೆಗಾರ.

"ಗೊತ್ತು," ಎಂದರು ಮೇಸ್ತ್ರಿ ಮೆಲ್ಲಗೆ. "ಯಾರಿಗೂ ಇದು ನಮ್ಮದು ಅಂತ ಅನ್ಸಲ್ಲ."

"ನಾನು ಹೇಳೇ ಇಲ್ಲ."

"ನೀವು ಹೇಳೋದೇ ಬೇಡ. ನನಗೆ ಅರ್ಥ ಆಗುತ್ತೆ."

"ಸ್ವಾಮಿ, ನಮ್ಮ ಮನೆಯಲ್ಲಿ ಯಾ‌ರೂ ಸತ್ತಿಲ್ಲ."

ಮೇಸ್ತ್ರಿ ಸೋಪು ಸಮೇತ ಅವನನ್ನು ತಬ್ಬಿಕೊಂಡರು. ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವರು ಎಷ್ಟೋ ಬಾಗಿಲುಗಳಲ್ಲಿ ಕೇಳಿದ್ದರು. ಅವನ ಬೆನ್ನು ಸವರುತ್ತಲೇ ಆಳುಗಳಿಗೆ ಸನ್ನೆ ಮಾಡಿದರು. ಅವರು ಪೆಟ್ಟಿಗೆಯನ್ನು ಒಳಗೆ ಒಯ್ದು, ಮುಂದಿನ ಕೋಣೆಯ ನಡುವೆ ಎರಡು ಕುರ್ಚಿಗಳ ಮೇಲೆ ಇಟ್ಟು ಹೊರಬಂದರು. ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿತು. ಅಳತೆಗಾರನೂ ಮೇಸ್ತ್ರಿಯೂ ಆಳುಗಳೂ ಅದರ ಹಿಂದೆ ಓಡಿದರು. ಗಾಡಿ ಬೀದಿಯ ಕೊನೆಯ ಅಂಚೆಪೆಟ್ಟಿಗೆಗೆ ತಗುಲಿ ನಿಂತಿತು. ಅಲ್ಲೇ ನಿಂತು, ಉಸಿರು ಬಿಡುತ್ತ, ಚೀಟಿ ಹೊರತೆಗೆದು ಇಬ್ಬರೂ ವಿವರವಾಗಿ ಮಾತಾಡಿದರು. ಕಾಲು ಗಂಟೆಯ ಮೇಲಾಯಿತು.

ಆ ಕಾಲು ಗಂಟೆಯಲ್ಲಿ ಬೀದಿ ಮನೆಯೊಳಗೆ ಬಂದಿತ್ತು. ಪೆಟ್ಟಿಗೆ ಒಳಗೆ ಹೋದದ್ದನ್ನು ಆರು ಮನೆಯವರೂ ನೋಡಿದ್ದರು. ಮುಂದಿನ ಕೋಣೆಗೂ ಅತ್ತೆಯ ಹಾಸಿಗೆಗೂ ನಡುವೆ ಗೋಡೆಯಿಲ್ಲ, ಎರಡಕ್ಕೂ ಸೇರಿ ಇರುವುದು ಒಂದೇ ಕಿಟಕಿ, ಆ ಕಿಟಕಿಗೆ ಹೊಸ ಪರದೆ. ಅದು ಒಂದು ಎಳೆ ಬೆಳಕನ್ನೂ ಬಿಡುತ್ತಿರಲಿಲ್ಲ. ಬಿಸಿಲಿನಿಂದ ಬಂದವರಿಗೆ ಮಂಕಾಗಿ ಪೆಟ್ಟಿಗೆ ಕಂಡಿತು, ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದ ಯಾರೋ ಒಬ್ಬ ಮುದುಕಿ ಕಂಡರು. ಅತ್ತೆಗೆ ಕಂಡದ್ದು ಹದಿನೈದಿಪ್ಪತ್ತು ನೆರಳುಗಳು.

"ನೀವು ಅವರ ಅಕ್ಕ ಇರ್ಬೇಕು," ಎಂದರು ಟೀಚರಮ್ಮ ಪಕ್ಕದಲ್ಲಿ ಕೂರುತ್ತ. "ಅದೇ ಮೂಗು."

ಅತ್ತೆ ಹೌದೂ ಅಲ್ಲದ, ಅಲ್ಲವೂ ಅಲ್ಲದ ಒಂದು ಸದ್ದು ಮಾಡಿದರು.

"ಒಳ್ಳೆ ಹೆಂಗಸು. ನಾಲಿಗೆ ಸ್ವಲ್ಪ ಹರಿತ, ಅಷ್ಟೇ."

"ಎಷ್ಟು ಹರಿತ?" ಎಂದರು ಶಾಲಿನೊಳಗಿನಿಂದ.

"ನಿಮಗೆ ಗೊತ್ತಿಲ್ದೆ ಇರುತ್ತಾ. ನನ್ನನ್ನ ಒಂದ್ಸಲ, ಪೊರಕೆಗೆ ಬಟ್ಟೆ ತೊಡಿಸಿದ ಹಾಗಿದೀಯ ಅಂದ್ರು. ಒಂದು ವಾರ ಊಟ ಸೇರಲಿಲ್ಲ." ಟೀಚರಮ್ಮ ಮೂಗೊರೆಸಿಕೊಂಡರು. "ಇನ್ನು ಹಾಗೆ ಅನ್ನೋರು ಯಾರಿದಾರೆ ಹೇಳಿ."

ಪರದೆ ಅಂಗಡಿಯ ಯಜಮಾನರೂ ಬಂದಿದ್ದರು. ಅವರು ಕಿಟಕಿಯ ಹತ್ತಿರ ತಲೆತಗ್ಗಿಸಿ ನಿಂತು, ಪರದೆಯ ಅಂಚನ್ನು ಬೆರಳಲ್ಲಿ ತಿರುವಿ, ಹೊಲಿಗೆ ಚೆನ್ನಾಗಿ ಬಂದಿದೆ ಎಂದು ಪಕ್ಕದವರಿಗೆ ಪಿಸುಗುಟ್ಟಿದರು. ಒಬ್ಬರು ಹೋದವರ ಕೈಯ ಅಡುಗೆಯನ್ನು ನೆನೆದರು. ಇನ್ನೊಬ್ಬರು, ಅದರಲ್ಲಿ ಉಪ್ಪು ಮಾತ್ರ ಸದಾ ಒಂದು ಕೈ ಮುಂದು ಎಂದು ಸೇರಿಸಿದರು. ಶಾಲಿನೊಳಗಿನ ತಲೆ ಪ್ರತಿ ಧ್ವನಿಯ ಕಡೆಗೂ ತಿರುಗಿತು.

ಆಗ ಮಗ ಬಂದ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದವನು ಚೀಲವನ್ನು ಬಾಗಿಲಲ್ಲೇ ಬಿಟ್ಟು, ನೇರವಾಗಿ ಹೋಗಿ ಪೆಟ್ಟಿಗೆಯ ಮುಚ್ಚಳಕ್ಕೆ ಕೆನ್ನೆ ಇಟ್ಟ.

"ಅಮ್ಮಾ, ಬರ್ತೀನಿ ಬರ್ತೀನಿ ಅಂತ ಎರಡು ವರ್ಷ ಕಳೆದೆ. ಪ್ರತಿ ಸಲ ಬಸ್ಸು ಸಿಗ್ಲಿಲ್ಲ, ಬಸ್ಸು ಸಿಗ್ಲಿಲ್ಲ ಅಂದೆ."

"ಇವತ್ತು ಸಿಕ್ತಾ?" ಎಂದು ಮೂಲೆಯಿಂದ ಕೇಳಿತು.

ಮುಂದಿನ ಕೆಲವು ಕ್ಷಣಗಳ ಬಗ್ಗೆ ಸಾಕ್ಷಿಗಳು ಒಂದೇ ರೀತಿ ಹೇಳುವುದಿಲ್ಲ. ಮಗ ನೆಲದ ಮೇಲೆ ಕೂತ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಟೀಚರಮ್ಮ ಹಿಡಿದಿದ್ದ ಕೈಯನ್ನು ಬಿಟ್ಟು ಎದ್ದು, ಪರದೆಯನ್ನು ಸರಿಸಿದರು. ಬೆಳಕು ಬಂತು. ಅತ್ತೆ ಶಾಲು ಕೆಳಗಿಳಿಸಿದರು. ಬೀದಿಯ ತುದಿಯಿಂದ ಓಡುತ್ತ ಬಂದ ಅಳತೆಗಾರ ಒಣಗಿದ ಸೋಪಿನ ಮುಖದಲ್ಲಿ ಹೊಸಿಲಲ್ಲಿ ನಿಂತ. ಅವನ ಹಿಂದೆ ಬಂದ ಮೇಸ್ತ್ರಿ, ತಾವು ಮಾಡಿದ ಪೆಟ್ಟಿಗೆಯ ಪಕ್ಕದಲ್ಲಿ ಅದರ ವಾರಸುದಾರರು ಕುರ್ಚಿಯಲ್ಲಿ ಕೂತಿರುವುದನ್ನು ಕಂಡು, ಕಸುಬಿನಲ್ಲಿ ಮೊದಲ ಬಾರಿಗೆ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟರು. ಹೆಂಡತಿ ಆಸ್ಪತ್ರೆಯಿಂದ ಹಿಂತಿರುಗಿದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಅಲ್ಲೇ ನಿಂತುಬಿಟ್ಟಳು. ಒಳಗಿನಿಂದ, ಉಪ್ಪಿನ ಮಾತು ಆಡಿದ್ದು ಯಾರು ಎಂದು ತಾಯಿ ವಿಚಾರಿಸುತ್ತಿರುವುದು ಕೇಳಿಸಿದ ಮೇಲೆ ಒಳಗೆ ಬಂದಳು.

ಯಾರೂ ಮುಂದೆ ಬರಲಿಲ್ಲ. ಬಂದವರು ಒಬ್ಬೊಬ್ಬರಾಗಿ, ಆರೋಗ್ಯ ನೋಡಿಕೊಳ್ಳಿ ಎಂದು ಹೇಳುತ್ತ ಹೊರಟರು. ಮೇಸ್ತ್ರಿ ಚೀಟಿಯನ್ನು ತೋರಿಸಿ, ಕಂಬಿಯ ಕಥೆಯನ್ನು ಮೊದಲಿನಿಂದ ಹೇಳಿ, ಇನ್ನು ಮುಂದೆ ಬಂದವರನ್ನು ಒಂದು ಮಾತು ಕೇಳುತ್ತೇನಮ್ಮ ಎಂದು ಕೈಮುಗಿದು, ಆಳುಗಳಿಂದ ಪೆಟ್ಟಿಗೆ ಹೊರಿಸಿಕೊಂಡು ಹೋದರು. ಅವರ ಮಾತು ಅಳಿಯನ ಮಾತಿನೊಂದಿಗೆ ಕೂಡಿಬಂದರೂ, ಇಬ್ಬರೂ ಬೀದಿಯ ತುದಿಯಲ್ಲಿ ಕಾಲು ಗಂಟೆ ಮಾತಾಡಿಕೊಂಡು ಬಂದವರು ಎಂಬುದನ್ನು ಅತ್ತೆ ಗಮನಿಸಿದರು.

ಮನೆಯವರಷ್ಟೇ ಉಳಿದಾಗ ಅತ್ತೆ ಮಗಳನ್ನು ಕರೆದರು.

"ಸೋಮವಾರ ಎಷ್ಟು ಗಂಟೆಗೆ ಹೋಗ್ಬೇಕು?"

ಮಗಳು ಬಂದು ಅವರ ಪಕ್ಕದಲ್ಲಿ ಕೂತಳು.

"ಇಷ್ಟು ಜನ ಬಂದ್ರು. ನಿಜವಾಗಿ ಅತ್ತೋರು ಯಾರು, ಸುಮ್ನೆ ಮೂಗು ಒರೆಸ್ಕೊಂಡೋರು ಯಾರು, ಒಂದೂ ಕಾಣ್ಲಿಲ್ಲ ನನಗೆ. ನಿಜವಾಗಿ ಹೋದ ಮೇಲಂತೂ ನೋಡೋಕಾಗಲ್ಲ. ಇನ್ನು ಎಷ್ಟು ದಿನ ಇರ್ತೀನೋ, ಮುಖ ನೋಡ್ಕೊಂಡೇ ಇರ್ತೀನಿ."

ಸೋಮವಾರ ಹತ್ತೂವರೆಗೆ ಬಲಗಣ್ಣಿನ ಆಪರೇಷನ್ ಆಯಿತು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಟ್ಟು ಬಿಚ್ಚುವುದೆಂದು ಹೇಳಿದರು.

ಮಂಗಳವಾರ ಅಳತೆಗಾರ ಏಳೂ ಹತ್ತಕ್ಕೆ ಆಸ್ಪತ್ರೆಯ ಗೇಟಿಗೆ ಬಂದ. ಅಲ್ಲಿಂದ ನೇರ ಕೆಲಸಕ್ಕೆ ಹೋಗಬೇಕಾದ್ದರಿಂದ ಸೈಕಲ್ಲಿಗೆ ಪರದೆಯ ಸರಳುಗಳನ್ನು ಕಟ್ಟಿದ್ದ. ಕಾವಲುಗಾರ ತನ್ನ ಅಭಿಪ್ರಾಯ ಬದಲಿಸಿರಲಿಲ್ಲ. ಬ್ಯಾಂಕಿನ ಸರಪಳಿ ಇದ್ದಲ್ಲೇ ಇತ್ತು. ರಸ್ತೆಯ ಆಚೆ ಬದಿ ಎಂಟಡಿ ಕಂಬಿ ಖಾಲಿ ಇತ್ತು, ಅಂಗಡಿ ಇನ್ನೂ ತೆರೆದಿರಲಿಲ್ಲ. ಅವನು ಅದನ್ನು ನೋಡಿದ, ಹೆಂಡತಿಯ ಆಜ್ಞೆಯನ್ನು ನೆನೆದ, ಹ್ಯಾಂಡಲ್ಲು ಹಿಡಿದುಕೊಂಡು ಪಾದಚಾರಿ ದಾರಿಯ ಮೇಲೆ ನಿಂತ.

ಮೊದಲ ಮಹಡಿಯಲ್ಲಿ ಡಾಕ್ಟರು ಕಟ್ಟು ಬಿಚ್ಚಿ, ಬೆರಳುಗಳನ್ನು ಎತ್ತಿ ಹಿಡಿದು ಎಷ್ಟೆಂದು ಕೇಳಿದರು.

"ಮೂರು," ಎಂದರು ಅತ್ತೆ. "ಉಗುರು ತೆಗೀಬೇಕು."

ಡಾಕ್ಟರು ಸಂತೋಷದಿಂದ ಬರೆದುಕೊಂಡು ಹೋದರು. ಅತ್ತೆ ಮಗನ ಮುಖ ನೋಡಿದರು, ದಪ್ಪಗಾಗಿದ್ದೀಯ ಎಂದರು. ಮಗಳ ಮುಖವನ್ನು ತುಂಬ ಹೊತ್ತು ನೋಡಿದರು. "ನಿನಗೂ ಕೂದಲು ನೆರೆತಿದೆಯಲ್ಲೇ," ಎಂದು ಮುಂದಲೆಯನ್ನು ಸವರಿದರು. ಆಮೇಲೆ ಸುತ್ತ ನೋಡಿ, ಅಳಿಯಂದಿರು ಎಲ್ಲಿ ಎಂದು ಕೇಳಿದರು.

ಮಗಳು ಅವರನ್ನು ಕೈಹಿಡಿದು ಕಿಟಕಿಗೆ ಕರೆದುಕೊಂಡು ಬಂದಳು. ಕೆಳಗೆ, ಕೊರಳಲ್ಲಿ ಟೇಪು ಹಾಕಿಕೊಂಡ ಒಬ್ಬ ಮನುಷ್ಯ ಸೈಕಲ್ ಹಿಡಿದು ನಿಂತಿದ್ದ. ಕತ್ತೆತ್ತಿ, ಬೇರೆ ಯಾವುದೋ ಕಿಟಕಿಯನ್ನು ಆಸೆಯಿಂದ ನೋಡುತ್ತಿದ್ದ.

"ಅಲ್ಲಿ ಯಾಕೆ ನಿಂತಿದಾರೆ?"

"ಸೈಕಲ್ ನಿಲ್ಸೋಕೆ ಜಾಗ ಇಲ್ಲಮ್ಮ."

ಅತ್ತೆ ಕಿಟಕಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಒಂದೇ ಕಣ್ಣಿನಲ್ಲಿ, ಆತುರವಿಲ್ಲದೆ, ಬೀದಿಯನ್ನು ಎಡದಿಂದ ಬಲಕ್ಕೆ ನೋಡಿದರು. ಗೇಟಿನೊಳಗಿನ ಬಿಳಿ ಗೆರೆಗಳನ್ನು ನೋಡಿದರು, ಬ್ಯಾಂಕಿನ ಸರಪಳಿ ನೋಡಿದರು, ಹೂಕುಂಡಗಳ ಸಾಲು, ಔಷಧಿ ಅಂಗಡಿಯ ಗೋಡೆ, ಕನ್ನಡಕದ ಅಂಗಡಿಯ ಷಟರು. ಮತ್ತೆ ಬಲದಿಂದ ಎಡಕ್ಕೆ ಬಂದು, ಎದುರಿನ ಪೆಟ್ಟಿಗೆ ಅಂಗಡಿಯ ಖಾಲಿ ಕಂಬಿಯ ಮೇಲೆ ಕಣ್ಣು ನಿಲ್ಲಿಸಿದರು.

"ನಿಜವಾಗ್ಲೂ ಬೇರೆಲ್ಲೂ ಇಲ್ವಲ್ಲೇ," ಎಂದರು.

ಅತ್ತೆ ತಿರುಗಿ ಮಗನಿಗೆ, ನೀನು ಕೆಳಗೆ ಹೋಗಿ ಸೈಕಲ್ ಹಿಡ್ಕೋ, ಅವರು ಮೇಲೆ ಬರಲಿ ಎಂದರು. ಮಗ ಇಳಿದು ಹೋದ. ಅಳಿಯ ಎರಡೆರಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ, ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಅತ್ತೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಪಕ್ಕದಲ್ಲಿದ್ದ ಕುರ್ಚಿಯನ್ನು, ತಡಕಾಡದೆ, ಅವನ ಕಡೆಗೆ ಸರಿಸಿದರು.

"ಕೂತ್ಕೊಳ್ಳಿ ಅಳಿಯಂದ್ರೇ," ಎಂದರು. "ಬೆಳಿಗ್ಗೆಯಿಂದ ನಿಂತಿದೀರಿ."